ಹನಿ ಆರುವುದು ಯಾವ ಗಾಳಿಯಲ್ಲಿ?

ಕೇಳುಗರಿಗೆ ನಮಸ್ಕಾರ. ಎಂಜಿನ್ನಿನೊಳಗೆ ಚಿಮ್ಮುವ ಇಂಧನವಾಗಲಿ, ಬೆಂಕಿ ನಂದಿಸಲು ಎರಚುವ ನೀರಿನ ಮಂಜಾಗಲಿ, ಸೀನಿದಾಗ ಹಾರುವ ತುಂತುರಾಗಲಿ, ನಾವು ಗಣಕವನ್ನು ಕೇಳುವ ಪ್ರಶ್ನೆ ಒಂದೇ: ಈ ಹನಿಗಳು ಎಷ್ಟು ಹೊತ್ತಿಗೆ ಆರಿಹೋಗುತ್ತವೆ?

ನಿಶ್ಚಲ ಗಾಳಿಯಲ್ಲಿರುವ ಒಂಟಿ ಹನಿಯ ಲೆಕ್ಕ ಸುಲಭ. ಅಯೋಡಿನ್ನಿನ ಪುಟ್ಟ ಗುಂಡುಗಳು ಆವಿಯಾಗುವ ಬಗೆಯನ್ನು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ 1918ರಲ್ಲಿ ವಿವರಿಸಿದಾಗಲೇ ಅದರ ತಿರುಳು ಸಿಕ್ಕಿತ್ತು: ವ್ಯಾಸದ ವರ್ಗವು ಕಾಲ ಸರಿದಂತೆ ಒಂದೇ ಸಮನೆ ಇಳಿಯುತ್ತದೆ, ಹಾಗಾಗಿ ವ್ಯಾಸ ಎರಡರಷ್ಟಿದ್ದರೆ ಆಯಸ್ಸು ನಾಲ್ಕರಷ್ಟು. ಆದರೆ ತುಂತುರಿನಲ್ಲಿ ಹನಿ ಒಂಟಿಯಲ್ಲ, ಗಾಳಿಯೂ ನಿಶ್ಚಲವಲ್ಲ. ಹನಿಯು ತನ್ನ ಮೈಗೆ ತಾಗಿರುವ ಗಾಳಿಯಲ್ಲಿ ಆರುತ್ತದೆ. ಸುತ್ತಲಿನ ಸರಾಸರಿಯ ಅರಿವು ಅದಕ್ಕಿಲ್ಲ. ದಯವಿಟ್ಟು ಈ ಒಂದು ಮಾತನ್ನು ಗಮನದಲ್ಲಿಟ್ಟುಕೊಳ್ಳಿ.

ಇದನ್ನು ನನಗೆ ಕಲಿಸಿದ್ದು ಒಂದು ಹಳದಿ ಕಾಗದ. ನಾನು ಸಂಶೋಧನೆಗೆ ತೊಡಗಿದ ದಿನಗಳಲ್ಲಿ, ಬೆಚ್ಚಗಿನ ಗಾಳಿ ಬೀಸುವ ನಾಳದೊಳಗೆ ನೀರಿನ ತುಂತುರನ್ನು ಬಿಟ್ಟು, ಅದೆಲ್ಲವೂ ಅರ್ಧ ದಾರಿಯಲ್ಲೇ ಆರಬೇಕೆಂದು ಲೆಕ್ಕ ಹಾಕಿದ್ದೆ. ನಾಳದ ಕೊನೆಯಲ್ಲಿ, ನೀರು ತಾಗಿದರೆ ನೀಲಿಯಾಗುವ ಹಳದಿ ಕಾಗದವೊಂದನ್ನು ಇಟ್ಟಿದ್ದೆವು. ಹೊರತೆಗೆದಾಗ ಅದರ ತುಂಬ ಸೂಜಿಮೊನೆಯಷ್ಟು ಸಣ್ಣ ನೀಲಿ ಚುಕ್ಕೆಗಳು. ತಿಂಗಳುಗಟ್ಟಲೆ ಸಮೀಕರಣಗಳನ್ನು ತಿದ್ದಿದೆ. ಚುಕ್ಕೆಗಳ ಕಾರಣ ತಿಳಿಯಲಿಲ್ಲ. ಕೊನೆಗೊಂದು ದಿನ ದೀಪಗಳನ್ನು ಆರಿಸಿ, ತೆಳುವಾದ ಲೇಸರ್ ಬೆಳಕಿನ ಹಾಳೆಯನ್ನು ತುಂತುರಿನ ನಡುವೆ ಹಾಯಿಸಿದೆವು. ಹನಿಗಳು ಸಮನಾಗಿ ಹರಡಿರಲೇ ಇಲ್ಲ! ಸುಳಿಗಳಿದ್ದ ಕಡೆ ಕಪ್ಪು ಕುಳಿಗಳು. ಅವುಗಳ ನಡುವೆ, ಸುಳಿಗಳು ಹೊರಕ್ಕೆ ಎಸೆದ ಹನಿಗಳು ಒತ್ತೊತ್ತಾಗಿ ನೂಲಿನ ಎಳೆಗಳಂತೆ ಹೊಳೆಯುತ್ತಿದ್ದವು. ಆ ಎಳೆಗಳೊಳಗಿನ ಗಾಳಿ ಹನಿಗಳದೇ ಆವಿಯಿಂದ ತುಂಬಿ ತಣ್ಣಗಾಗಿರುತ್ತದೆ, ಅಲ್ಲಿ ಆರುವುದು ನಿಧಾನ. ನನ್ನ ಗಣಕವಾದರೋ, ಲೆಕ್ಕಕ್ಕಾಗಿ ನಾಳದ ಒಳಗನ್ನು ಒಂದು ಸೆಂಟಿಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿಕೊಂಡು, ಆ ಆವಿಯನ್ನು ಇಡೀ ಚೌಕದ ಉದ್ದಗಲಕ್ಕೂ ಹರಡಿ, ಪ್ರತಿ ಹನಿಗೂ ಒಣಗಾಳಿಯನ್ನೇ ಕೊಡುತ್ತಿತ್ತು.

ತುಂತುರಿನ ಸರಾಸರಿ ತೇವಾಂಶ ಗೊತ್ತಿದ್ದರೆ ಸಾಲದೇ ಎಂದು ಅನುಭವಿಗಳೂ ಇಂದಿಗೂ ಕೇಳುತ್ತಾರೆ. ಸಾಲದು. ಹನಿಯ ಮೈಗೆ ತಾಗಿರುವ ಗಾಳಿ ಯಾವುದೆಂದು ತಿಳಿಯಬೇಕು.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಒಂದು ಮಿಲಿಲೀಟರ್ ನೀರನ್ನು 10 ಮೈಕ್ರೋಮೀಟರ್ ವ್ಯಾಸದ ಹನಿಗಳಾಗಿ ಒಡೆದರೆ ಸುಮಾರು 190 ಕೋಟಿ ಹನಿಗಳಾಗುತ್ತವೆ. ಒಂದೊಂದನ್ನೂ ಬೆನ್ನಟ್ಟಲಾಗದೆ, ಒಂದೇ ಬಗೆಯ ಸಾವಿರಾರು ಹನಿಗಳಿಗೆ ಒಂದು ಪ್ರತಿನಿಧಿ ಹನಿಯನ್ನು ಲೆಕ್ಕದಲ್ಲಿ ಓಡಿಸುತ್ತೇವೆ. ಚೌಕಗಳನ್ನು ಕಿರಿದಾಗಿಸಿ, ಅವುಗಳೊಳಗೂ ಆವಿಯ ಏರಿಳಿತವಿದೆಯೆಂದು ಆ ಪ್ರತಿನಿಧಿಗಳಿಗೆ ತಿಳಿಸಿದ ಮೇಲೆ, ನನ್ನ ಲೆಕ್ಕದ ಹನಿಗಳಲ್ಲಿಯೂ ಕೆಲವು ಆ ಹಳದಿ ಕಾಗದದವರೆಗೆ ಬಂದು ತಲುಪಿದವು. ನಮಸ್ಕಾರ.