ಗಾಡಿ ಎಷ್ಟು ಕೊಡುತ್ತೆ?

ಎಲ್ಲರಿಗೂ ನಮಸ್ಕಾರ.

ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಆದರೂ ಹೋದ ವರ್ಷ ಹೊಸ ಕಾರು ತಗೊಳ್ಳುವಾಗ ಶೋರೂಮಿನ ಹುಡುಗನಿಗೆ ಮೊದಲು ಕೇಳಿದ್ದು ನೀವೆಲ್ಲ ಕೇಳುವ ಪ್ರಶ್ನೆಯೇ: "ಎಷ್ಟು ಕೊಡುತ್ತಪ್ಪಾ?" ಅವನು ಥಟ್ಟನೆ "ಇಪ್ಪತ್ತೆರಡು ಸಾರ್" ಅಂದ.

ಈ "ಕೊಡುತ್ತೆ" ಅನ್ನೋ ಮಾತು ನೋಡಿ. ನಮ್ಮ ಕಡೆ ಹಸು ಕೊಳ್ಳುವಾಗಲೂ ಇದೇ ಮಾತು. ಸಂತೆಯಲ್ಲಿ ದಳ್ಳಾಳಿ ಎಂಟು ಲೀಟರ್ ಅನ್ನುತ್ತಾನೆ. ಕೆಚ್ಚಲೂ ತುಂಬಿ ನಿಂತಿರುತ್ತದೆ, ಯಾಕಂದ್ರೆ ಬೆಳಗ್ಗೆ ಹಾಲು ಕರೆದೇ ಇರುವುದಿಲ್ಲ. ಮನೆಗೆ ತಂದು ಕಟ್ಟಿದರೆ ಐದಕ್ಕೆ ಇಳಿಯುತ್ತದೆ. ಕಾರಿನದೂ ಅದೇ ಕಥೆ ಅಂತ ನನಗೆ ಸಿಟ್ಟು ಬಂತು. ಆಮೇಲೆ ಕೂತು ಲೆಕ್ಕ ಹಾಕಿದೆ. ಸಿಟ್ಟು ಹೋಗಲಿಲ್ಲ. ಆದರೆ ಯಾರ ಮೇಲೆ ಅನ್ನೋದು ಬದಲಾಯಿತು.

ಮೊದಲು ನನ್ನ ಲೆಕ್ಕ. ಬಂಕಿನಲ್ಲಿ ಗನ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ ಕಿಲೋಮೀಟರ್ ಬರೆದಿಟ್ಟೆ. ಮತ್ತೆ ಅದೇ ಬಂಕಿನಲ್ಲಿ ತುಂಬಿಸಿದಾಗ 486 ಕಿ.ಮೀ. ಓಡಿತ್ತು, 31.6 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 15.4. ಸ್ಟೀರಿಂಗ್ ಮುಂದಿನ ಪರದೆ ಮಾತ್ರ 16.8 ಅಂತ ತೋರಿಸುತ್ತಿತ್ತು. ಪರದೆ ನಂಬಬೇಡಿ, ಬಂಕಿನ ಬಿಲ್ ನಂಬಿ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ 22ರ ಲೆಕ್ಕಕ್ಕೂ ಇದಕ್ಕೂ ಹತ್ತೊಂಬತ್ತು ಲೀಟರಿಗಿಂತ ಜಾಸ್ತಿ ವ್ಯತ್ಯಾಸ. ಲೀಟರಿಗೆ ನೂರು ರೂಪಾಯಿ ಹಿಡಿದರೂ ಎರಡು ಸಾವಿರದ ಹತ್ತಿರ ಹೋಯಿತು.

ಹಾಗಾದರೆ 22 ಎಲ್ಲಿಂದ ಬಂತು? ಜನ ಅದನ್ನು ಎಆರ್‌ಎಐ ಮೈಲೇಜ್ ಅನ್ನುತ್ತಾರೆ. ಪುಣೆಯಲ್ಲಿರುವ ವಾಹನ ಸಂಶೋಧನಾ ಸಂಸ್ಥೆಯ ಹೆಸರು ಅದು. ಪರೀಕ್ಷೆಯಲ್ಲಿ ಕಾರು ರಸ್ತೆಗೇ ಇಳಿಯುವುದಿಲ್ಲ. ರೋಲರ್ ಮೇಲೆ ನಿಂತಲ್ಲೇ ಚಕ್ರ ತಿರುಗುತ್ತದೆ. ಒಟ್ಟು 1180 ಸೆಕೆಂಡ್, ಅಂದರೆ ಇಪ್ಪತ್ತು ನಿಮಿಷವೂ ಇಲ್ಲ. ಹತ್ತೂವರೆ ಕಿ.ಮೀ. ಆಸುಪಾಸು ಓಟ. ಗರಿಷ್ಠ ವೇಗ ಗಂಟೆಗೆ 90. ಎಸಿ ಬಂದ್. ಪೆಟ್ರೋಲನ್ನು ಸುರಿದು ಅಳೆಯುವುದೂ ಇಲ್ಲ. ಹೊಗೆ ಕೊಳವೆಯಿಂದ ಹೊರಬಂದ ಇಂಗಾಲದ ಲೆಕ್ಕ ಹಿಡಿದು, ಎಷ್ಟು ಉರಿಯಿತು ಅಂತ ಕಂಡುಹಿಡಿಯುತ್ತಾರೆ. ಇದು ಒಳ್ಳೆಯ ವಿಧಾನ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಓಡಿಸುವ ರೀತಿಯ ಬಗ್ಗೆ. ಆ ಪರೀಕ್ಷೆಯ ಊರೊಳಗಿನ ಭಾಗದಲ್ಲಿ ಕಾರು ನಿಂತಲ್ಲಿಂದ 50ರ ವೇಗಕ್ಕೆ ಬರಲು 26 ಸೆಕೆಂಡ್ ತಗೊಳ್ಳುತ್ತದೆ. ನಾಳೆ ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಿಗ್ನಲ್ ಬಿಟ್ಟ ಮೇಲೆ ಹಾಗೆ ಹೋಗಿ ನೋಡಿ. ಹತ್ತು ಎಣಿಸುವುದರೊಳಗೆ ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ನಿಮ್ಮ ವಂಶದ ವಿಚಾರವನ್ನೆಲ್ಲ ಎತ್ತಿರುತ್ತಾನೆ! ಪರೀಕ್ಷೆಯಲ್ಲಿ ಅವನಿಲ್ಲ. ಅಡ್ಡ ಬರುವ ಆಟೋ ಇಲ್ಲ, ಹಂಪ್ ಇಲ್ಲ, ಏಪ್ರಿಲ್ ಬಿಸಿಲಿಲ್ಲ. ಊರೊಳಗೆ ತೆವಳುವಾಗಲೇ ಎಸಿ ಜಾಸ್ತಿ ತಿನ್ನುವುದು. ಕಾರು ಮುಂದೆ ಹೋಗದಿದ್ದರೂ ಕಂಪ್ರೆಸರ್ ತಿರುಗುತ್ತಲೇ ಇರುತ್ತಲ್ವಾ.

ಹೆದ್ದಾರಿಯಲ್ಲಿ ಸರಿಹೋಗುತ್ತೆ ಅಂತೀರಿ. ಸ್ವಲ್ಪ ಮಟ್ಟಿಗೆ ನಿಜ. ಆದರೆ ಕ್ಯಾತ್ಸಂದ್ರದ ಟೋಲ್ ದಾಟಿದ ತಕ್ಷಣ ನಾವೆಲ್ಲ ನೂರಕ್ಕೆ ಏರಿಸುತ್ತೇವೆ. ಗಾಳಿ ತಡೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ, ಗಾಳಿಯ ತಡೆ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. ಬೆಂಗಳೂರು ಮುಟ್ಟುವಾಗ ಉಳಿಯುವುದು ಹತ್ತು ನಿಮಿಷ. ಅದನ್ನೂ ನೆಲಮಂಗಲದ ಆಚೆಯ ಟ್ರಾಫಿಕ್ ನುಂಗುತ್ತದೆ.

ದೇವರಾಯನದುರ್ಗದ ಲೆಕ್ಕ ನನಗೆ ಬಲು ಇಷ್ಟ. ತರಗತಿಯಲ್ಲೂ ಹೇಳುತ್ತಿದ್ದೆ. ಊರಿಂದ ಬೆಟ್ಟಕ್ಕೆ ಸುಮಾರು 380 ಮೀಟರ್ ಏರು. ಜನ ಸೇರಿ ಕಾರು 1300 ಕೆ.ಜಿ. ಅಷ್ಟು ಭಾರ ಮೇಲೆತ್ತಲು ಹತ್ತಿರ ಹತ್ತಿರ 50 ಲಕ್ಷ ಜೂಲ್ ಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಎಂಜಿನ್ ಕಾಲು ಭಾಗ ಮಾತ್ರ ಚಕ್ರಕ್ಕೆ ದಾಟಿಸುತ್ತದೆ ಅಂತ ಹಿಡಿಯಿರಿ. ಎತ್ತರಕ್ಕೇ ಅರ್ಧ ಲೀಟರಿಗಿಂತ ಜಾಸ್ತಿ ಹೋಯಿತು. ದೂರದ ಲೆಕ್ಕ ಬೇರೆ. ರೋಲರಿಗೆ ಬೆಟ್ಟ ಗೊತ್ತಿಲ್ಲ.

ಇನ್ನು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯ ಒಂದು ಲೀಟರಿನಲ್ಲಿ ಶೇ. 6-7ರಷ್ಟು ಶಕ್ತಿ ಕಮ್ಮಿ. ಎಂಜಿನ್ ಅದಕ್ಕೆ ಹೊಂದಿಕೊಂಡಿದ್ದರೆ ಪೆಟ್ಟು ಕಡಿಮೆಯಾಗಬಹುದು. ಇಲ್ಲದ ಶಕ್ತಿಯನ್ನು ಯಾವ ಎಂಜಿನ್ನೂ ಹುಟ್ಟಿಸುವುದಿಲ್ಲ.

ಹಾಗಂತ ಪರೀಕ್ಷೆ ಸುಳ್ಳಾ? ಅಲ್ಲ. ಎಲ್ಲ ಕಾರಿಗೂ ಒಂದೇ ರೋಲರ್, ಒಂದೇ ಓಟ. ಒಂದರಲ್ಲಿ 18 ಬಂದು ಇನ್ನೊಂದರಲ್ಲಿ 22 ಬಂದರೆ, ಎರಡನೆಯದು ಕಮ್ಮಿ ಕುಡಿಯುತ್ತದೆ ಅನ್ನೋದನ್ನು ಸಾಮಾನ್ಯವಾಗಿ ನಂಬಬಹುದು. ಹೋಲಿಸಲು ಮಾಡಿದ ಅಂಕಿ ಅದು. ಅದನ್ನು "ಕೊಡುತ್ತೆ ಸಾರ್" ಅಂತ ಮಾರುವವರ ಮೇಲೆ ನನ್ನ ಸಿಟ್ಟು. ಯುರೋಪಿನವರು ಇಂಥದೇ ಹಳೇ ಪರೀಕ್ಷೆ ಬಿಟ್ಟು 2017ರಿಂದ ಅರ್ಧ ಗಂಟೆಯ, 23 ಕಿ.ಮೀ. ಓಟದ ಡಬ್ಲ್ಯುಎಲ್‌ಟಿಪಿಗೆ ಬಂದರು. ಅದರಲ್ಲಿ ವೇಗ 131ರವರೆಗೆ ಹೋಗುತ್ತದೆ. ಅದೂ ರೋಲರ್ರೇ, ಎಸಿ ಅಲ್ಲೂ ಬಂದ್. ಆದರೂ ರಸ್ತೆಗೆ ಇನ್ನಷ್ಟು ಹತ್ತಿರ.

ಒಂದು ಮಾತು ಬಿಟ್ಟುಹೋಗಿತ್ತು. ಮೈಲೇಜ್ ಉಳಿಸ್ತೀನಿ ಅಂತ ಬೆಟ್ಟದಿಂದ ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ. ಈಗಿನ ಎಂಜಿನ್ ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರಾ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಸುಮ್ನೆ ತಿರುಗಲಿಕ್ಕೂ ಕುಡಿಯುತ್ತಲೇ ಇರುತ್ತದೆ. ಬ್ರೇಕ್ ಕಾಯುವುದು ಬೇರೆ.

ಪ್ರಶ್ನೆಗಳಿದ್ದರೆ ಕೇಳಿ. ನ್ಯೂಟ್ರಲ್‌ನವರು ಮೊದಲು ಕೈ ಎತ್ತಿ.