ತುಂಡಾದ ಬೆರಳನ್ನ ನೇರವಾಗಿ ಐಸ್ ಮೇಲೆ ಇಡ್ಬೇಡಿ, ಪ್ಲೀಸ್!

ಎಲ್ರಿಗೂ ನಮಸ್ಕಾರ. ಪವರ್ ಪ್ರೆಸ್, ಮೇವು ಕತ್ತರಿಸೋ ಮಷೀನು, ಕಬ್ಬಿನ ಗಾಣ, ಇವುಗಳಿಗೆ ಸಿಕ್ಕಿ ಬೆರಳು ತುಂಡಾದಾಗ ಸುತ್ತ ಇರೋರು ಗಾಬರೀಲಿ ಏನ್ ಮಾಡ್ತಾರೆ ಗೊತ್ತಾ, ಬೆರಳನ್ನ ಎತ್ತಿ ಸೀದಾ ಐಸ್ ಒಳಗೆ ಹಾಕ್ತಾರೆ. ಒಳ್ಳೇ ಮನಸ್ಸಿಂದಾನೇ ಮಾಡೋದು, ಆದ್ರೆ ಐಸ್ ನೇರವಾಗಿ ತಾಗಿದ್ರೆ ಜೀವಕೋಶಗಳು ಹೆಪ್ಪುಗಟ್ಟಿ ಹಾಳಾಗ್ತವೆ, ಆಮೇಲೆ ಎಂಥಾ ಡಾಕ್ಟ್ರಿದ್ರೂ ಜೋಡಿಸೋದು ಕಷ್ಟ.

(ಸ್ಕ್ರೀನ್ ಮೇಲೆ: ಎರಡು ಪ್ಲಾಸ್ಟಿಕ್ ಕವರ್, ಐಸ್ ನೀರು)

ಸರಿಯಾಗಿ ನೋಡ್ಕೊಳ್ಳಿ. ಬೆರಳನ್ನ ಸಲೈನ್‌ನಲ್ಲಿ, ಅದಿಲ್ದಿದ್ರೆ ಶುದ್ಧ ನೀರಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೇಲಿ ಸುತ್ತಿ, ನೀರು ಒಳಗೆ ಹೋಗದ ಹಾಗೆ ಕವರ್‌ಗೆ ಹಾಕಿ ಕಟ್ಟಿ, ಆ ಕವರನ್ನ ನೀರು ಐಸ್ ಎರಡೂ ಇರೋ ಇನ್ನೊಂದು ಕವರ್ ಒಳಗಿಡಿ. ಗಾಯಕ್ಕೆ ಅರಿಶಿನ, ಕಾಫಿಪುಡಿ ಏನೂ ಬೇಡ, ಶುಭ್ರವಾದ ಬಟ್ಟೆ ಒತ್ತಿ ಹಿಡಿದು ಕೈ ಮೇಲಕ್ಕೆತ್ತಿ ಸಾಕು. ಜಜ್ಜಿಹೋದ ಚೂರು ಅಂತ ಬಿಸಾಡ್ಬೇಡಿ, ಅದರ ಚರ್ಮ, ನರ ಬೇರೆ ಕಡೆ ಉಪಯೋಗಕ್ಕೆ ಬರ್ಬಹುದು. ಆಪರೇಷನ್ ಆಗೋ ಸಾಧ್ಯತೆ ಇರತ್ತೆ, ಹಾಗಾಗಿ ಗಾಯ ಆದೋರಿಗೆ ಕಾಫಿ ಟೀ ಕೊಡ್ಬೇಡಿ. ಹೊರಡೋಕ್ ಮುಂಚೆ ಫೋನ್ ಮಾಡಿ "ಮೈಕ್ರೋಸರ್ಜರಿ ಮಾಡ್ತೀರಾ" (ಅಂದ್ರೆ ಮೈಕ್ರೋಸ್ಕೋಪ್ ನೋಡ್ಕೊಂಡು ಸಣ್ಣ ರಕ್ತನಾಳ, ನರ ಹೊಲಿಯೋ ಆಪರೇಷನ್) ಅಂತ ಕೇಳಿ, ಇಲ್ಲಾಂದ್ರೆ ಮೂರು ಆಸ್ಪತ್ರೆ ಸುತ್ತೋದ್ರಲ್ಲೇ ಹೊತ್ತು ಹೋಗತ್ತೆ.

ರಕ್ತ ಸಿಗದಿದ್ರೆ ಬೇಗ ಹಾಳಾಗೋದು ಮಾಂಸಖಂಡ, ಬೆರಳಲ್ಲಿ ಅದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಅದಕ್ಕೇ ಬೆರಳು ರಕ್ತ ಇಲ್ದೆ ಸುಮಾರು 12 ಗಂಟೆ, ತಂಪಾಗಿಟ್ರೆ 24 ಗಂಟೆವರೆಗೂ ತಡ್ಕೊಳ್ಳತ್ತೆ, ಇಡೀ ತೋಳಾದ್ರೆ 6 ಗಂಟೆ ಅಷ್ಟೇ. ದೂರದ ಹಳ್ಳಿಯೋರು "ಇನ್ನೇನು ಮುಗೀತು" ಅನ್ಕೋಬಾರ್ದು.

1965ರ ಜುಲೈನಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು, ತಮಾಯಿ ಅನ್ನೋ ಇಬ್ರು ಡಾಕ್ಟರು ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನ ರಕ್ತನಾಳ ಹೊಲಿದು ಜೋಡಿಸಿದ್ರು, ಪ್ರಪಂಚದಲ್ಲೇ ಅದು ಮೊದಲು. ಆ ರಕ್ತನಾಳ ಸುಮಾರು 1 ಮಿಲಿಮೀಟರ್ ದಪ್ಪ, ಹೊಲಿಯೋ ದಾರ ತಲೆಕೂದಲಿಗಿಂತ ಸಣ್ಣ! ಸಾಮಾನ್ಯವಾಗಿ ಮೊದಲು ಮೂಳೆಗೆ ತಂತಿ ಹಾಕಿ ನಿಲ್ಲಿಸ್ತಾರೆ, ಆಮೇಲೆ ಸ್ನಾಯುರಜ್ಜು (ಮಾಂಸಖಂಡನ ಮೂಳೆಗೆ ಕಟ್ಟೋ ಹುರಿ), ರಕ್ತನಾಳ, ನರ, ಕೊನೇಲಿ ಚರ್ಮ, ಅದ್ರಲ್ಲಿ ರಕ್ತನಾಳ, ನರ ಹೊಲಿಯೋದು ಮೈಕ್ರೋಸ್ಕೋಪ್ ನೋಡ್ಕೊಂಡು, ಗಂಟೆಗಟ್ಟಲೆ. ರಕ್ತ ಒಳಗೆ ಬಂದು ವಾಪಸ್ ಹೋಗ್ದೆ ಬೆರಳು ನೀಲಿಯಾದ್ರೆ ಇವತ್ತಿಗೂ ಜಿಗಣೆ ಬಿಡ್ತಾರೆ, ಮೆಡಿಕಲ್ ಜಿಗಣೆ, ನನಗಂತೂ ಇದು ಓದಿದಾಗ ಮೈ ಜುಮ್ ಅಂತು.

ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯತ್ತೆ, ಸ್ಪರ್ಶ ಬರೋಕೆ ತಿಂಗಳುಗಳೇ ಬೇಕು, ಅಲ್ಲಿವರೆಗೂ ಫಿಸಿಯೋಥೆರಪಿ ಬಿಡೋ ಹಾಗಿಲ್ಲ. ಬೀಡಿ ಸಿಗರೇಟಂತೂ ಮುಟ್ಟಲೇಬಾರ್ದು, ನಿಕೋಟಿನ್‌ಗೆ ಆ ಪುಟ್ಟ ರಕ್ತನಾಳ ಮುದುರಿ ಜೋಡಿಸಿದ ಬೆರಳೇ ಕಪ್ಪಾಗ್ಬಹುದು.

ಎಲ್ಲಾ ಬೆರಳನ್ನೂ ಜೋಡಿಸಲ್ಲ, ತೀರಾ ನಜ್ಜುಗುಜ್ಜಾಗಿದ್ರೆ ಡಾಕ್ಟರೇ ಬೇಡ ಅಂತಾರೆ. ಆದ್ರೆ ಹೆಬ್ಬೆರಳು, ಮಕ್ಕಳ ಬೆರಳು ಅಂದ್ರೆ ಆದಷ್ಟೂ ಪ್ರಯತ್ನ ಪಡ್ತಾರೆ, ಯಾಕಂದ್ರೆ ಹೆಬ್ಬೆರಳಿಲ್ದೆ ಲೋಟ ಹಿಡಿಯೋದೂ ಕಷ್ಟ. ಅದೂ ಉಳೀಲಿಲ್ವಾ, ಕಾಲಿನ ಬೆರಳನ್ನೇ ತೆಗೆದು ಹೆಬ್ಬೆರಳ ಜಾಗದಲ್ಲಿ ಕೂರಿಸೋ ಆಪರೇಷನ್ ಇದೆ, ಕಾಲು ಅದಕ್ಕೆ ಹೊಂದ್ಕೊಳ್ಳತ್ತೆ, ಕೈಗೆ ಮತ್ತೆ ಹಿಡಿತ ಬರತ್ತೆ.