ಖಾಲಿ ಪಿಕಪ್ಪಿನಲ್ಲಿ ಮುರಿಯುವ ವಿಮಾನ

ಆರ್‌ಸಿ ವಿಮಾನಗಳನ್ನ, ಅಂದರೆ ರೇಡಿಯೊ ರಿಮೋಟಿನಲ್ಲಿ ಹಾರಿಸೋ ಮಾದರಿ ವಿಮಾನಗಳನ್ನ, ಪಿಕಪ್ಪಿನಲ್ಲಿ ಒಯ್ಯೋರಲ್ಲಿ ಬಹಳಷ್ಟು ಜನ ಹೆದರೋದು ಗಾಳಿಗೆ. ಹಾರಿಹೋದೀತು ಅಂತ ಹಗ್ಗ ಬಿಗೀತಾರೆ, ಮೇಲೆ ಇನ್ನೊಂದು ಸುತ್ತು ಬಿಗೀತಾರೆ. ಮೈದಾನದಲ್ಲಿ ಬಿಚ್ಚಿ ನೋಡಿದರೆ ರೆಕ್ಕೆ ಮೇಲೆ ಹಗ್ಗದ ಅಚ್ಚು, ಒಳಗೆ ಬಾಲ್ಸಾ ರಿಬ್ (ರೆಕ್ಕೆಗೆ ಆಕಾರ ಕೊಡೋ ಹಗುರ ಮರದ ಪಟ್ಟಿ) ಬಿರುಕು. ಗಾಳಿಗಿಂತ ದೊಡ್ಡ ಶತ್ರು ಗಾಡಿಯ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಅನ್ನೋದು ನನ್ನ ವಾದ.

ಆ ಪ್ಲೇಟುಗಳನ್ನ ಮಾಡಿರೋದು ನೂರಾರು ಕೆಜಿ ಹೊರೋಕೆ. 6 ಕೆಜಿಯ ವಿಮಾನ ಇಟ್ಟರೆ ಅವು ಬಗ್ಗೋದೇ ಇಲ್ಲ, ರಸ್ತೆಯ ಗುಂಡಿಯ ಏಟು ನೇರ ಮೇಲಕ್ಕೆ ಬರುತ್ತೆ. ಹಿಂದಿನ ಚಕ್ರಗಳ ಆಕ್ಸಲ್ ದಾಟಿ ಹಿಂಬಾಗಿಲ ಕಡೆ ಹೋದಷ್ಟೂ ಕುಲುಕು ಜಾಸ್ತಿ. ಅದಕ್ಕೆ ಸುಮಾರು 50 ಕೆಜಿ ಮರಳಿನ ಚೀಲಗಳನ್ನ ಆಕ್ಸಲ್‌ನ ನೇರಕ್ಕೆ ಇಟ್ಟು, ಜಾರದ ಹಾಗೆ ಕಟ್ಟಿ. ವಿಮಾನದ ಮೂತಿ ಕ್ಯಾಬಿನ್ ಕಡೆ ಇರಲಿ, ಎಂಜಿನ್ನಿನ ಭಾರ ಮುಂದೆ ಬೀಳುತ್ತೆ. ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಖಾಲಿ ಗಾಡಿಗೆ ಬೇರೆ ಟೈರ್ ಒತ್ತಡ ಬರೆದಿದ್ದರೆ ಅಷ್ಟಕ್ಕೇ ಇಳಿಸಿ, ಅದಕ್ಕಿಂತ ಕೆಳಗೆ ಬೇಡ.

ಇನ್ನು ವಿಮಾನವನ್ನ ಅದರ ಚಕ್ರದ ಮೇಲೆ ನಿಲ್ಲಿಸಿ ಒಯ್ಯೋ ಅಭ್ಯಾಸ. ನೋಡೋಕೆ ಚೆಂದ, ಆದರೆ ಲ್ಯಾಂಡಿಂಗ್ ಗೇರಿನ ತಂತಿಯೂ ಸ್ಪ್ರಿಂಗೇ ಅಲ್ವಾ? ದಾರಿಯುದ್ದ ಕುಣಿದು ಕುಣಿದು ಅದನ್ನ ಹಿಡಿದಿರೋ ಪ್ಲೈವುಡ್ ತುಂಡು ಸಡಿಲ ಆಗುತ್ತೆ. ಬದಲಿಗೆ 20 ಎಂಎಂ ಪಿವಿಸಿ ಪೈಪಿನಲ್ಲಿ ಎರಡು ಯು ಆಕಾರದ ತೊಟ್ಟಿಲು ಮಾಡಿ, ಎಸಿ ಪೈಪಿಗೆ ಸುತ್ತೋ ಕಪ್ಪು ಫೋಮ್ ಹಾಕಿ. ಒಂದು ತೊಟ್ಟಿಲು ರೆಕ್ಕೆ ಕೂರೋ ಜಾಗದ ಕೆಳಗೆ, ಇನ್ನೊಂದು ತೊಟ್ಟಿಲು ರೆಕ್ಕೆಗೂ ಬಾಲಕ್ಕೂ ನಡುವೆ. ಎರಡೂ ಒಳಗಿನ ಫಾರ್ಮರ್ (ಒಡಲಿಗೆ ಆಕಾರ ಕೊಡೋ ಅಡ್ಡ ಚೌಕಟ್ಟು) ಇರೋ ಕಡೆಯೇ ಬರಬೇಕು; ಬರೀ ಹೊದಿಕೆ ಇರೋ ಕಡೆ ಬಂದರೆ ಒಡಲು ಒಳಕ್ಕೆ ಕುಸಿಯುತ್ತೆ. ತೊಟ್ಟಿಲುಗಳನ್ನ 12 ಎಂಎಂ ಪ್ಲೈವುಡ್ ಹಲಗೆಗೆ ಸ್ಕ್ರೂ ಮಾಡಿ, ಹಲಗೆ ಕೆಳಗೆ 50 ಎಂಎಂ ಗಟ್ಟಿ ಫೋಮ್ ಹಾಸಿ. ಮೊಣಕೈ ಊರಿದರೆ ತಳ ತಾಗೋ ಮೆತ್ತನೆ ಸ್ಪಂಜು ಇದ್ದೂ ಇಲ್ಲದ ಹಾಗೆ.

ಗಾಡಿಯ ಕೊಕ್ಕೆಗೆ ಹಲಗೆ ಕಟ್ಟಿ, ವಿಮಾನ ಅಲ್ಲ. ವಿಮಾನಕ್ಕೆ ಒಂದೆರಡು ಅಗಲ ವೆಲ್ಕ್ರೋ ಪಟ್ಟಿ ಸಾಕು, ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು. ಕಬ್ಬಿಣದ ಕೊಕ್ಕೆಯ ಎಲಾಸ್ಟಿಕ್ ಹಗ್ಗವಂತೂ ಹತ್ತಿರಕ್ಕೂ ಬೇಡ, ಜಾರಿ ಚಿಮ್ಮಿದರೆ ರೆಕ್ಕೆಗೆ ತೂತು, ಕಣ್ಣಿಗೂ ಅಪಾಯ.

ರೆಕ್ಕೆಗಳನ್ನ ಬಿಚ್ಚಿ, ಒಂದೊಂದಕ್ಕೆ ಒಂದೊಂದು ಚೀಲ, ದಪ್ಪ ಅಂಚು ಕೆಳಗೆ. ರೆಕ್ಕೆ ಹಿಡಿಯೋ ನೈಲಾನ್ ಬೋಲ್ಟ್‌ಗಳನ್ನ ಅವುಗಳ ತೂತಿಗೇ ತಿರುಗಿಸಿಡಿ, ಜೇಬಿಗೆ ಹಾಕಿಕೊಂಡ ಬೋಲ್ಟು ಮನೆಯಲ್ಲೇ ಉಳಿಯುತ್ತೆ.

ಯಾರೂ ಗಮನಿಸದ ಜಾಗ ಸರ್ವೊ, ಅಂದರೆ ರೆಕ್ಕೆ, ಬಾಲದ ಕದಲೋ ಭಾಗಗಳನ್ನ ಅಲ್ಲಾಡಿಸೋ ಪುಟ್ಟ ಮೋಟಾರು. ರಿಸೀವರ್ ಆಫ್ ಇದ್ದಾಗ ಪ್ರತಿ ಕುಲುಕಿಗೂ ಬಾಲದ ಕದಲೋ ಭಾಗಗಳಾದ ಎಲಿವೇಟರ್, ರಡ್ಡರ್ ತಮ್ಮ ಭಾರಕ್ಕೆ ತಾವೇ ಅಲ್ಲಾಡ್ತಾ ಸರ್ವೊ ಗೇರಿನ ಹಲ್ಲನ್ನ ಕುಟ್ಟುತ್ತವೆ. ಪ್ಲಾಸ್ಟಿಕ್ ಹಲ್ಲು ಅರ್ಧ ಸವೆದಿದ್ದು ನೆಲದ ಮೇಲೆ ಸುಲಭಕ್ಕೆ ಗೊತ್ತಾಗಲ್ಲ, ಡೈವ್‌ನಿಂದ ಮೇಲೆತ್ತುವಾಗ ಗೊತ್ತಾಗುತ್ತೆ. ಮದ್ದು ಸುಲಭ: ಎರಡು ಐಸ್‌ಕ್ರೀಮ್ ಕಡ್ಡಿಗೆ ಫೋಮ್ ಅಂಟಿಸಿ, ಕದಲದ ಭಾಗ ಮತ್ತು ಕದಲೋ ಭಾಗ ಎರಡನ್ನೂ ಸೇರಿಸಿ ಮೇಲೊಂದು ಕೆಳಗೊಂದು ಇಟ್ಟು ಬಟ್ಟೆ ಕ್ಲಿಪ್ ಹಾಕಿ. ಕ್ಲಿಪ್ಪಿಗೆ ಉದ್ದನೆ ಕೆಂಪು ರಿಬ್ಬನ್ ಕಟ್ಟಿ. ತೆಗೆಯೋಕೆ ಮರೆತು ಹಾರಿಸಿದರೆ ಈ ಮದ್ದೇ ವಿಷ.

ಗಾಳಿಯ ವಿಷಯ ಸುಳ್ಳಲ್ಲ. ಕ್ಯಾಬಿನ್ ದಾಟಿದ ಗಾಳಿ ಹಿಂಬಾಗಿಲ ಹತ್ತಿರ ಸುಳಿದು ವಾಪಸ್ ಬರುತ್ತೆ, ಕಟ್ಟದ ಫೋಮ್ ವಿಮಾನ ಎದ್ದುಬಿಡುತ್ತೆ. ವೇಗ 40ರಿಂದ 80 ಕಿಮೀಗೆ ಏರಿದರೆ ಗಾಳಿಯ ಬಲ ನಾಲ್ಕು ಪಟ್ಟು. ಹಾಗಂತ ಟಾರ್ಪಾಲ್ ಹೊದಿಸಿದರೆ ಅದು ಪಟಪಟ ಬಡಿದು ವಿಮಾನದ ಹೊದಿಕೆ ಹರಿಯುತ್ತೆ. ಗಟ್ಟಿ ಮುಚ್ಚಳವೇ ಸರಿ, ಆದರೆ ಹಿಂಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಬೇಕು, ಇಲ್ಲದಿದ್ದರೆ ದೂಳೆಲ್ಲ ಒಳಗೆ. ಮುಚ್ಚಿದ ಗಾಡಿಯನ್ನ ಬಿಸಿಲಲ್ಲಿ ನಿಲ್ಲಿಸಿದರೆ ಹೊದಿಕೆ ಫಿಲ್ಮ್ ಸುಕ್ಕಾಗುತ್ತೆ, ಫೋಮ್ ವಿಮಾನದ ಮೈ ಗುಳ್ಳೆ ಏಳುತ್ತೆ.

ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ವಿಮಾನದೊಳಗೆ ಬಿಡಬೇಡಿ. ಮೈದಾನದಲ್ಲಿ ಚಾರ್ಜರ್ ಇದ್ದರೆ ಸೆಲ್‌ಗೆ 3.8 ವೋಲ್ಟಿನಲ್ಲೇ, ಅಂದರೆ ಸುಮಾರು ಅರ್ಧ ಚಾರ್ಜಿನಲ್ಲೇ ಒಯ್ದು ಅಲ್ಲೇ ತುಂಬಿಸಿ. ಕನೆಕ್ಟರಿಗೆ ಮುಚ್ಚಳ, ಬೆಂಕಿ ತಡೆಯೋ ಚೀಲ, ನೆರಳು. ಗಾಳಿಯಾಡದ ಲೋಹದ ಡಬ್ಬಿ ಬೇಡ, ಸೆಲ್ ಊದಿ ಅನಿಲ ಬಿಟ್ಟರೆ ಅದು ಸಿಡಿಯೋ ಬಾಂಬು. ಮೆಥನಾಲ್ ಇಂಧನದ ಕ್ಯಾನ್ ಹಿಂದೆ, ನೆಟ್ಟಗೆ, ಕ್ಯಾಬಿನ್ನಿಗೆ ತರಬೇಡಿ.

ಇಳಿಸಿದ ಮೇಲೆ ಹಿಂಜುಗಳನ್ನ ಒಂದೊಂದಾಗಿ ಮೆಲ್ಲಗೆ ಎಳೆದು ನೋಡಿ, ಬ್ಯಾಟರಿ ಕೂರಿಸಿ ಗುರುತ್ವ ಕೇಂದ್ರ ನೋಡಿ, ರೇಡಿಯೊ ಸಿಗ್ನಲ್ ದೂರದವರೆಗೂ ಮುಟ್ಟುತ್ತಾ ಅಂತ ರೇಂಜ್ ಟೆಸ್ಟ್ ಮಾಡಿ. ಆಮೇಲೆ ಪ್ರತಿ ಸರ್ವೊವನ್ನ ನಿಧಾನಕ್ಕೆ ಆ ತುದಿಯಿಂದ ಈ ತುದಿಗೆ ಓಡಿಸಿ, ಕಿವಿಗೊಟ್ಟು ಕೇಳಿ. ಒಂದು ಕಡೆ ಟಕ್ ಅಂದು ತಡೆದರೆ ಆ ವಿಮಾನ ಅವತ್ತು ಹಾರಲ್ಲ.